ಎನ್‌ಹೈಬರ್ನೇಟ್ 4: ಕಂಪೈಲ್ ಆಯಿತೆಂದು ನಂಬಬೇಡಿ

ಮಂಡ್ಯದ ಕಡೆ ಕಬ್ಬಿನ ತೂಕ, ಬಟವಾಡೆಯ ಲೆಕ್ಕ ಇಡುವ ಹಳೇ ಡಾಟ್‌ನೆಟ್ ತಂತ್ರಾಂಶ ನಿಮ್ಮ ಕೈಲಿದ್ದು, ಡೇಟಾಬೇಸಿನ ದಾಖಲೆಗಳನ್ನು ಪ್ರೋಗ್ರಾಮಿನ ಆಬ್ಜೆಕ್ಟ್‌ಗಳಿಗೆ ಜೋಡಿಸುವ ಎನ್‌ಹೈಬರ್ನೇಟ್ ಲೈಬ್ರರಿಯ 3ನೇ ಆವೃತ್ತಿಯಲ್ಲೇ ಅದಿನ್ನೂ ನಿಂತಿದ್ದರೆ, 4ಕ್ಕೆ ಏರಿಸಬಹುದು, ಏರಿಸಬೇಕು ಕೂಡ. ಕಬ್ಬು ಅರೆಯುವ ಹಂಗಾಮಿನ ನಡುವೆ ಮಾತ್ರ ಬೇಡ.

2014ರಲ್ಲಿ ಬಂದ ಈ ಆವೃತ್ತಿ ಐಇಎಸ್ಐ ಕಲೆಕ್ಷನ್ಸ್ (Iesi.Collections) ಎಂಬ ಹೊರಗಿನ ಪ್ಯಾಕೇಜಿನ ಐಸೆಟ್ (ISet, ಒಂದೇ ವಸ್ತು ಎರಡು ಸಲ ಬರದ ಗುಂಪಿನ ಟೈಪ್) ಬಿಟ್ಟು ಡಾಟ್‌ನೆಟ್ 4ರದೇ ಐಸೆಟ್ ಹಿಡಿದಿದೆ. ಹ್ಯಾಶ್ಡ್‌ಸೆಟ್ ಇದ್ದಲ್ಲಿ ಹ್ಯಾಶ್‌ಸೆಟ್, ಲಿಸ್ಟ್‌ಸೆಟ್ ಇದ್ದಲ್ಲಿ ಲಿಂಕ್ಡ್‌ಹ್ಯಾಶ್‌ಸೆಟ್ ಹಾಕಿ. ಈ ಲಿಂಕ್ಡ್‌ಹ್ಯಾಶ್‌ಸೆಟ್ ಇರುವುದು ಐಇಎಸ್ಐ 4ರಲ್ಲೇ, ಆದ್ದರಿಂದ ಆ ಪ್ಯಾಕೇಜ್ ಕಿತ್ತುಹಾಕುವ ಹಾಗಿಲ್ಲ. ಪ್ರಾಪರ್ಟಿಯ ಟೈಪ್ ಐಸೆಟ್ ಎಂದೇ ಇರಲಿ. ಅಲ್ಲಿ ಹ್ಯಾಶ್‌ಸೆಟ್ ಎಂದು ಬರೆದರೆ ಕಂಪೈಲರ್ ಸುಮ್ಮನಿರುತ್ತದೆ, ದಾಖಲೆ ಲೋಡ್ ಮಾಡುವಾಗ ಎನ್‌ಹೈಬರ್ನೇಟ್ ತನ್ನ ಸ್ವಂತ ಸೆಟ್ ತಂದು ಕೂರಿಸಲು ಹೋಗಿ ಎಕ್ಸೆಪ್ಷನ್ ಎಸೆಯುತ್ತದೆ.

ಅದೊಂದನ್ನು ಬಿಟ್ಟರೆ ಇಷ್ಟು ಹುಡುಕಿ-ಬದಲಿಸುವ ಕೆಲಸ. ಕಂಪೈಲರ್ ಕೆಂಪು ಗೆರೆ ಎಳೆದದ್ದನ್ನೆಲ್ಲ ಸರಿ ಮಾಡಿದರಾಯಿತು. ಮೆಥಡ್‌ಗಳ ಹೆಸರೂ ಬದಲು: ಆಡ್‌ಆಲ್ ಈಗ ಯೂನಿಯನ್‌ವಿತ್, ಕಂಟೇನ್ಸ್‌ಆಲ್ ಈಗ ಈಸ್‌ಸೂಪರ್‌ಸೆಟ್‌ಆಫ್, ರಿಟೇನ್‌ಆಲ್ ಈಗ ಇಂಟರ್‌ಸೆಕ್ಟ್‌ವಿತ್. ಆಡ್‌ಆಲ್ ಏನಾದರೂ ಸೇರಿತೇ ಎಂದು ಹೌದು-ಇಲ್ಲ ಹೇಳುತ್ತಿತ್ತು, ಯೂನಿಯನ್‌ವಿತ್ ಏನೂ ಹೇಳುವುದಿಲ್ಲ. ಇಫ್ ಒಳಗೆ ಬಳಸಿದ್ದರೆ ಸೇರಿಸುವ ಮುಂಚಿನ, ಆಮೇಲಿನ ಕೌಂಟ್ ಹೋಲಿಸಿ.

ತೊಂದರೆ ಇರುವುದು ಕಂಪೈಲರ್ ಕಣ್ಣಿಗೆ ಬೀಳದ ಕಡೆ. ಹಳೆಯ ಮೈನಸ್ ಹೊಸದೊಂದು ಸೆಟ್ ಕೊಡುತ್ತಿತ್ತು, ಮೂಲ ಹಾಗೇ ಉಳಿಯುತ್ತಿತ್ತು. ಅದರ ಜಾಗಕ್ಕೆ ಎಕ್ಸೆಪ್ಟ್‌ವಿತ್ ಹಾಕಿದರೆ ಅದು ಮೂಲಕ್ಕೇ ಕೈ ಹಾಕುತ್ತದೆ. ರೈತರ ತೂಕದ ಚೀಟಿಗಳಲ್ಲಿ ಹಣ ಪಾವತಿಯಾದವನ್ನು ಬಿಟ್ಟು ಉಳಿದವನ್ನು ತೋರಿಸಬೇಕು ಅನ್ನಿ. ಚೀಟಿಗಳ ಸೆಟ್ ಮೇಲೆ ನೇರವಾಗಿ ಎಕ್ಸೆಪ್ಟ್‌ವಿತ್ ಕರೆದಿರಿ, ಮ್ಯಾಪಿಂಗ್‌ನಲ್ಲಿ (ಯಾವ ಕ್ಲಾಸಿಗೆ ಯಾವ ಟೇಬಲ್ ಎಂದು ಬರೆದಿರುವಲ್ಲಿ) ಆಲ್-ಡಿಲೀಟ್-ಆರ್ಫನ್, ಅಂದರೆ ಸೆಟ್‌ನಿಂದ ಹೊರಬಿದ್ದದ್ದನ್ನು ಅಳಿಸು ಎಂಬ ಸೂಚನೆ, ಇದೆ. ಮುಂದಿನ ಫ್ಲಶ್‌ಗೆ (ಬದಲಾವಣೆಗಳನ್ನು ಡೇಟಾಬೇಸಿಗೆ ಬರೆಯುವಾಗ) ಪಾವತಿಯಾದ ಚೀಟಿಗಳು ಡೇಟಾಬೇಸಿನಿಂದಲೇ ಅಳಿಸಿಹೋಗುತ್ತವೆ! ಮೊದಲು ಹೊಸ ಹ್ಯಾಶ್‌ಸೆಟ್‌ಗೆ ನಕಲು ಮಾಡಿಕೊಂಡು, ಆ ನಕಲಿನ ಮೇಲೆ ಕಳೆಯಿರಿ.

ಎರಡು ಸೆಟ್ ಕೂಡಿಸಿ ಹೊಸ ಸೆಟ್ ಕೊಡುತ್ತಿದ್ದ ಯೂನಿಯನ್ ಇನ್ನೂ ನಯವಂಚಕ. ಫೈಲಿನ ಮೇಲ್ಗಡೆ ಲಿಂಕ್ (LINQ, ಡಾಟ್‌ನೆಟ್‌ನದೇ ಹುಡುಕು-ಸೋಸು ಸೌಲಭ್ಯ) ಸೇರಿಸಿದ್ದು, ಸಾಲಿನ ಎಡಗಡೆ ಟೈಪ್ ಹೆಸರಿಸದೆ ವಾರ್ (var) ಎಂದಿದ್ದರೆ, ಹಳೆಯ ಸಾಲು ಒಂದಕ್ಷರ ಬದಲಾಗದೆ ಕಂಪೈಲ್ ಆಗುತ್ತದೆ. ಸಿಗುವುದು ಮಾತ್ರ ಸೆಟ್ ಅಲ್ಲ, ಪ್ರತಿ ಸಲ ಓದುವಾಗ ಹೊಸದಾಗಿ ಲೆಕ್ಕ ಹಾಕುವ ಐಎನ್ಯೂಮರಬಲ್. ನಡುವೆ ಒಂದು ಚೀಟಿ ಸೇರಿದರೆ ಒಟ್ಟು ಮೊತ್ತವೂ ಬದಲು. ಇಂಟರ್‌ಸೆಕ್ಟ್‌ನದೂ ಇದೇ ಕಥೆ. ಎರಡನ್ನೂ ಹೆಸರು ಹಿಡಿದು ಹುಡುಕಿ, ಒಂದೊಂದೇ ಓದಿ ನೋಡದೆ ಬೇರೆ ದಾರಿಯಿಲ್ಲ.

ಇಡೀ ಸೆಟ್ ಬದಲಿಸಬೇಕಾದಾಗ ಪ್ರಾಪರ್ಟಿಗೆ ಹೊಸ ಹ್ಯಾಶ್‌ಸೆಟ್ ಕೊಡಬೇಡಿ. ಕ್ಲಿಯರ್ ಮಾಡಿ, ಯೂನಿಯನ್‌ವಿತ್ ಮಾಡಿ. ಇದು ಹಳೇ ನಿಯಮವೇ, ಟೈಪ್ ಬದಲಿಸುವ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ಹ್ಯಾಶ್‌ಸೆಟ್ ಕ್ರಮ ಕಾಯುವುದಿಲ್ಲ, ಚೀಟಿಗಳು ತಾರೀಕಿನ ಪ್ರಕಾರ ಬರಬೇಕಿದ್ದರೆ ಮ್ಯಾಪಿಂಗ್‌ನಲ್ಲಿ ಆರ್ಡರ್-ಬೈ ಕೊಡಿ.

ಲೈಬ್ರರಿಯ ಬಗ್ಗೆ ದೂರಿಲ್ಲ, ಬದಲಾವಣೆ ಸರಿಯಾದದ್ದೇ. ಬೇರೆಯವರು ಕಟ್ಟಿಕೊಟ್ಟ ಡಿಎಲ್‌ಎಲ್‌ಗಳಿದ್ದರೆ ಮಾತ್ರ ಎಚ್ಚರ. ಹಳೆಯ ಐಇಎಸ್ಐ ನಂಬಿ ಕಟ್ಟಿದವು ಓಡುವಾಗ ಟೈಪ್‌ಲೋಡ್ ಎಕ್ಸೆಪ್ಷನ್ ಕೊಡುತ್ತವೆ. ಹಳೆಯ ಆವೃತ್ತಿ ಕೇಳಿದಾಗ ಹೊಸದನ್ನು ಕೊಡುವ ಬೈಂಡಿಂಗ್ ರೀಡೈರೆಕ್ಟ್ ಎಂಬ ಸೆಟ್ಟಿಂಗ್‌ನಿಂದ ಅದು ಸರಿಹೋಗುವುದಿಲ್ಲ, ಟೈಪೇ ಇಲ್ಲವಲ್ಲ. ಮ್ಯಾಪಿಂಗನ್ನು ಕೋಡ್‌ನಲ್ಲೇ ಬರೆಯಲು ಫ್ಲೂಯೆಂಟ್ ಎನ್‌ಹೈಬರ್ನೇಟ್ ಬಳಸುವವರು ಜೊತೆಗೇ ಅದನ್ನೂ 2.0ಕ್ಕೆ ಏರಿಸಿ.