ಹಿನ್ನೀರಿನ ಹಕ್ಕಿಗೆ ನನ್ನ ಓಟು 8×42ಕ್ಕೆ

ಜಲಾಶಯದ ಹಕ್ಕಿ ನೋಡಲು ಸಾದಾ ಬೈನಾಕ್ಯುಲರ್ ಸಾಕಾ, ಸ್ಪಾಟಿಂಗ್ ಸ್ಕೋಪ್ (ಟ್ರೈಪಾಡ್ ಮೇಲಿಟ್ಟು ಒಂದೇ ಕಣ್ಣಿನಲ್ಲಿ ನೋಡುವ ದೂರದರ್ಶಕ) ಬೇಕಾ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ: ಮೊದಲು ಒಳ್ಳೆಯ 8×42 ಬೈನಾಕ್ಯುಲರ್ ತಗೊಳ್ಳಿ, ಮಿಕ್ಕಿದ್ದು ಆಮೇಲೆ. (8 ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು, 42 ಅಂದರೆ ಮುಂದಿನ ಲೆನ್ಸಿನ ಅಗಲ, ಮಿ.ಮೀ.ಗಳಲ್ಲಿ.) ಸುಮ್ನೆ ಹೇಳುತ್ತಿಲ್ಲ. 8×42 ನನ್ನದು, 10×42 ಗೆಳೆಯನದು, ಸ್ಕೋಪ್ ಇಬ್ಬರೂ ಪಾಲು ಹಾಕಿ ಕೊಂಡದ್ದು. ಮೂರನ್ನೂ ಒಂದೇ ಹಿನ್ನೀರಿನ ದಡದಲ್ಲಿ ಮಳೆ, ಚಳಿ, ಬಿಸಿಲು ಎನ್ನದೆ ಬಳಸಿದ್ದೇವೆ.

10×42ರಲ್ಲಿ ಹಕ್ಕಿ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ, ನಿಜ. ಕೈ ನಡುಕವೂ ಅಷ್ಟೇ ದೊಡ್ಡದಾಗುತ್ತದೆ. ಏರಿಯ ಮೇಲೆ ಗಾಳಿ ಬೀಸುವಾಗ ಅದನ್ನು ಅಲುಗಾಡದಂತೆ ಹಿಡಿಯುವುದು ನನ್ನಿಂದಾಗದು. ಜೊತೆಗೆ ನೋಟದ ಅಗಲ ಕಡಿಮೆ. ಗುಳುಮುಳುಕ ಇಲ್ಲಿ ಮುಳುಗಿ ಎಲ್ಲೋ ಏಳುತ್ತದಲ್ವಾ, ಅದನ್ನು ಮತ್ತೆ ಹಿಡಿಯಲು ಅಗಲದ ನೋಟವೇ ಬೇಕು. ಬೆಳಕಿನ ಲೆಕ್ಕವೂ ಇದೆ. 42ನ್ನು 8ರಿಂದ ಭಾಗಿಸಿದರೆ 5.25 ಮಿ.ಮೀ., 10ರಿಂದಾದರೆ 4.2. ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತ ಅಷ್ಟು ಅಗಲ. ಹೊತ್ತು ಹುಟ್ಟುವ ಮುಂಚೆ ಜೊಂಡಿನೊಳಗೆ ಇಣುಕುವವರಿಗೆ ಈ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ.

ಇನ್ನು ಸ್ಕೋಪ್. ನಮ್ಮದು 20ರಿಂದ 60 ಪಟ್ಟಿನದು, ಮುಂದಿನ ಲೆನ್ಸ್ 65 ಮಿ.ಮೀ. ತೂಕ, ಟ್ರೈಪಾಡ್ ಹೊರುವ ಕಷ್ಟ ಎಲ್ಲ ಗೊತ್ತಿದ್ದದ್ದೇ. ಗೊತ್ತಿಲ್ಲದೆ ಸಿಕ್ಕಿದ ತಲೆನೋವು ಬಿಸಿಗಾಳಿ.

ಬೇಸಿಗೆಗೆ ನೀರು ಹಿಂದೆ ಸರಿಯುತ್ತದೆ. ಕೆಸರು ತೆರೆದುಕೊಳ್ಳುತ್ತದೆ. ವಲಸೆ ಹೊರಡುವ ಮುಂಚೆ ಕೊನೆಯ ಸುತ್ತು ಮೇಯುವ ಗೊರವಗಳೆಲ್ಲ (ಕೆಸರಲ್ಲಿ ಮೇಯುವ ಹಕ್ಕಿಗಳು) ಆ ಕೆಸರಿನ ದೂರದ ಅಂಚಿನಲ್ಲಿರುತ್ತವೆ. ಸ್ಕೋಪ್ ಬೇಕೇ ಬೇಕು ಅನಿಸುವುದು ಆಗಲೇ. ಅದು ಕೈಕೊಡುವುದೂ ಆಗಲೇ. ಬಿಸಿಲೇರಿದಂತೆ ಕೆಸರಿಗೆ ತಾಗಿದ ಗಾಳಿ ಕಾದು ಮೇಲೇಳುತ್ತದೆ, ತಂಪು ಗಾಳಿ ಕೆಳಗಿಳಿಯುತ್ತದೆ. ಎರಡರಲ್ಲೂ ಬೆಳಕು ಒಂದೇ ತರ ಬಾಗುವುದಿಲ್ಲ. ಹಾಗಾಗಿ ಹಕ್ಕಿ ಕುದಿಯುವ ನೀರಿನ ಆಚೆ ನಿಂತಂತೆ ಕಾಣುತ್ತದೆ. 60 ಪಟ್ಟಿಗೆ ತಿರುಗಿಸಿದಿರೋ, ಆ ಕುದಿತವೂ 60 ಪಟ್ಟು. ಎಷ್ಟು ದುಬಾರಿ ಗಾಜಿದ್ದರೂ ಇದಕ್ಕೆ ಮದ್ದಿಲ್ಲ, ಏಕೆಂದರೆ ತೊಂದರೆ ಇರುವುದು ಗಾಜಿನಲ್ಲಲ್ಲ, ನಡುವಿನ ಗಾಳಿಯಲ್ಲಿ.

ಉದಾಹರಣೆಗೆ, ಲಿಟಲ್ ಸ್ಟಿಂಟ್ ಮತ್ತು ಟೆಮಿಂಕ್ಸ್ ಸ್ಟಿಂಟ್ ಎಂಬ ಎರಡು ಪುಟ್ಟ ಗೊರವಗಳನ್ನು ಬೇರೆ ಮಾಡಲು ಕಾಲಿನ ಬಣ್ಣ ನೋಡಬೇಕು. ಮೊದಲನೆಯದಕ್ಕೆ ಕಪ್ಪು ಕಾಲು, ಎರಡನೆಯದಕ್ಕೆ ಹಳದಿ ಛಾಯೆಯ ಕಾಲು. ಬಿಸಿಗಾಳಿಯಲ್ಲಿ ಕಾಲು ಇದೆಯೋ ಇಲ್ಲವೋ ಅನ್ನುವುದೇ ಅನುಮಾನ. (ತಂಪು ಹೊತ್ತಿನಲ್ಲೂ ಹುಷಾರು. ಹಳದಿ ಕಾಲಿಗೆ ಕೆಸರು ಮೆತ್ತಿದರೆ ಅದೂ ಕಪ್ಪೇ.)

ನಾವು ಮಾಡಿ ನೋಡಿದ್ದರಲ್ಲಿ ಕೆಲವು ಉಪಾಯ ನಡೆದವು. ಝೂಮ್ ಅನ್ನು 25ರ ಆಸುಪಾಸಿಗೆ ಇಳಿಸಬೇಕು. ಕೆಸರಿನ ಮಟ್ಟದಲ್ಲಿ ಕೂರದೆ ಏರಿ ಹತ್ತಬೇಕು. ಎತ್ತರದಿಂದ ನೋಡಿದರೆ ನೋಟ ನೆಲದ ಬಿಸಿ ಪದರದಲ್ಲಿ ಹಾದುಹೋಗುವ ದೂರ ಕಡಿಮೆ. ಆದಷ್ಟೂ ನೀರಿನ ಮೇಲಿನಿಂದ ನೋಡಬೇಕು, ನೀರು ಕೆಸರಿನಷ್ಟು ಬೇಗ ಕಾಯುವುದಿಲ್ಲ. ಮೋಡದ ದಿನ ಸಿಕ್ಕರೆ ಅದೃಷ್ಟ. ಇಷ್ಟೆಲ್ಲ ಮಾಡಿದರೂ ಬಿಸಿಲು ಚುರುಕಾದ ಮೇಲೆ ಸ್ಕೋಪ್ ಮಡಚಿಡುವುದೇ ಸರಿ. 8×42ರಲ್ಲೂ ಗಾಳಿ ನಡುಗುವುದು ಕಾಣುತ್ತದೆ, ಆದರೆ ಅಷ್ಟು ಕಾಡುವುದಿಲ್ಲ.

ಮಳೆಗಾಲದಲ್ಲಿ ಸ್ಕೋಪ್ ಮನೆಯಲ್ಲೇ ಇರಲಿ. ನೀರು ತುಂಬಿರುತ್ತದೆ, ಕೆಸರಿನ ಹಕ್ಕಿ ಇರುವುದಿಲ್ಲ, ನೋಡುವಂಥದ್ದೆಲ್ಲ ಅಂಚಿನ ಗಿಡಗಂಟಿಯಲ್ಲಿ.

ಸ್ಕೋಪಿನ ಕಾಲ ಚಳಿಗಾಲ, ಇದನ್ನು ಒಪ್ಪಲೇಬೇಕು. ವಲಸೆ ಬಾತುಗಳು ನಡುನೀರಿನಲ್ಲಿ ಗುಂಪಾಗಿ ತೇಲುತ್ತಾ ನಿದ್ದೆ ಮಾಡುತ್ತವೆ. ಸೂಜಿಬಾಲದ ಬಾತಿನ ಗಂಡನ್ನು 8×42ರಲ್ಲೇ ಗುರುತಿಸಬಹುದು. ಕಂದು ಬಣ್ಣದ ಹೆಣ್ಣುಗಳನ್ನು ಬಿಡಿಸಿ ನೋಡಲು, ಸಾಲಿನ ನಡುವೆ ಒಂದೇ ಒಂದು ಬೇರೆ ಜಾತಿ ಸೇರಿಕೊಂಡಿದ್ದರೆ ಹುಡುಕಲು ಸ್ಕೋಪೇ ಬೇಕು. ನೀರಿನ ಮೇಲಿನ ಮಂಜು ಕರಗಿದ ಮೇಲೆ, ಬಿಸಿಲು ಬಲಿಯುವ ಮುಂಚೆ ಒಳ್ಳೆಯ ಹೊತ್ತು ಸಿಗುತ್ತದೆ. ಆಗಲೂ 60 ಪಟ್ಟಿನಲ್ಲಿ ಚಿತ್ರ ಮಬ್ಬು, 65 ಮಿ.ಮೀ. ಲೆನ್ಸಿನಲ್ಲಿ ಬೆಳಕಿನ ವೃತ್ತ ಬರೀ 1 ಮಿ.ಮೀ. ಚಿಲ್ಲರೆ.

ನಾನು ಒಂದೆಡೆ ಕೂರುವವನಲ್ಲ. ಏರಿಯುದ್ದಕ್ಕೂ ನಡೆಯುತ್ತೇನೆ, ಬಿಸಿಲಿಗೆ ಮುಂಚೆ ಮನೆಗೆ ಹೊರಡುತ್ತೇನೆ. ಒಂದಕ್ಕೇ ದುಡ್ಡಿದ್ದರೆ ಅದನ್ನೆಲ್ಲ 8×42ರ ಗಾಜಿಗೆ ಹಾಕುತ್ತೇನೆ. ಅಗ್ಗದ ಬೈನಾಕ್ಯುಲರ್ ಜೊತೆ ಅಗ್ಗದ ಸ್ಕೋಪ್ ಅನ್ನುವ ಜೋಡಿ ಬೇಡ. ಒಂದೇ ಕಡೆ ಗಂಟೆಗಟ್ಟಲೆ ಕೂತು ಬಾತು ಎಣಿಸುವವರ ಲೆಕ್ಕ ಬೇರೆ. ಅವರು ಸ್ಕೋಪ್ ಕೊಳ್ಳಲಿ, ಕಣ್ಣಿಡುವ ಕಡೆ ಓರೆಯಾಗಿರುವುದನ್ನೇ ಆರಿಸಲಿ. ಎತ್ತರದವರು, ಕುಳ್ಳಗಿರುವವರು ಟ್ರೈಪಾಡ್ ಏರಿಸಿ ಇಳಿಸದೆ ಸರದಿಯಲ್ಲಿ ನೋಡಬಹುದು.