ಜಾಪಿಸಿಎಂಪಿ: ಕಂಪೈಲ್ ಆಯ್ತು ಅಂದ್ರೆ ಸಾಲದು

ಜಾವಾ ವೆಬ್ ಅಪ್ಲಿಕೇಶನ್ನನ್ನು ಮಾಡ್ಯೂಲ್‌ಗಳಾಗಿ ಒಡೆದು, ಒಂದೊಂದನ್ನೂ ಬೇರೆ ಬೇರೆ ರಿಲೀಸ್ ಮಾಡುವ ತಂಡಗಳಿಗೆ ಜಾಪಿಸಿಎಂಪಿ (japicmp) ಅನ್ನುವ ಈ ಟೂಲ್ ಬೇಕೇ ಬೇಕು. ಓಪನ್ ಸೋರ್ಸ್, ದುಡ್ಡು ಕೊಡಬೇಕಿಲ್ಲ. ಒಂದು ಜಾರ್‌ನ (ಕಂಪೈಲ್ ಆದ ಜಾವಾ ಕೋಡ್ ಇರುವ ಫೈಲ್) ಹಳೇ ಆವೃತ್ತಿ, ಹೊಸ ಆವೃತ್ತಿ ಎರಡನ್ನೂ ಹೋಲಿಸಿ ಎಪಿಐನಲ್ಲಿ, ಅಂದರೆ ಬೇರೆ ಕೋಡ್ ಬಳಸುವ ಕ್ಲಾಸು-ಮೆಥಡ್ಡುಗಳಲ್ಲಿ, ಏನು ಮುರಿದಿದೆ ಅಂತ ಹೇಳುತ್ತದೆ, ಅಷ್ಟೇ. ಬೈಟ್‌ಕೋಡ್ (ಕಂಪೈಲ್ ಆದ ಕೋಡ್) ಸಾಕು, ಸೋರ್ಸ್ ಬೇಕಾಗಿಲ್ಲ.

ನನಗೆ ಜಾಸ್ತಿ ಇಷ್ಟವಾಗಿದ್ದು ಸೋರ್ಸ್ ಹೊಂದಾಣಿಕೆ (ಮತ್ತೆ ಕಂಪೈಲ್ ಮಾಡಿದರೆ ನಡೆಯುತ್ತದಾ) ಮತ್ತು ಬೈನರಿ ಹೊಂದಾಣಿಕೆಯನ್ನು (ಮತ್ತೆ ಕಂಪೈಲ್ ಮಾಡದೆಯೂ ನಡೆಯುತ್ತದಾ) ಬೇರೆ ಬೇರೆ ತೋರಿಸುವುದು. ಕಾಮನ್ ಮಾಡ್ಯೂಲ್‌ನ ಒಂದು ಮೆಥಡ್ ಮೊದಲು ವಾಯ್ಡ್ (ಏನನ್ನೂ ಹಿಂತಿರುಗಿಸದು) ಇತ್ತು, ಈಗ ಯಾರೋ ಬೂಲಿಯನ್ (ಹೌದು/ಇಲ್ಲ ಹಿಂತಿರುಗಿಸುವುದು) ಮಾಡಿದರು ಅಂದುಕೊಳ್ಳಿ. ಅದನ್ನು ಸುಮ್ನೆ ಕರೆಯುವ ಕೋಡ್ ಮತ್ತೆ ಕಂಪೈಲ್ ಮಾಡಿದರೆ ಏನೂ ತಕರಾರಿಲ್ಲ. ಆದರೆ ಬೈಟ್‌ಕೋಡ್‌ನಲ್ಲಿ ಮೆಥಡ್‌ನ ಗುರುತಿನ ಜೊತೆ ರಿಟರ್ನ್ ಟೈಪ್ ಕೂಡ ಸೇರಿರುತ್ತದೆ, ಹಾಗಾಗಿ ಹಿಂದೆ ಕಂಪೈಲ್ ಆದ ಇನ್ನೊಂದು ಮಾಡ್ಯೂಲ್ ಹಳೇ ಗುರುತನ್ನೇ ಹುಡುಕುತ್ತದೆ, ಸಿಗುವುದಿಲ್ಲ, ಅಂಥ ಮೆಥಡ್ಡೇ ಇಲ್ಲ ಅನ್ನುವ ನೋಸಚ್‌ಮೆಥಡ್‌ಎರರ್ ಬರುತ್ತದೆ. ಅದೂ ಸರ್ವರ್ ಶುರುವಾಗುವಾಗಲೇ ಬರಬೇಕೆಂದೇನಿಲ್ಲ, ಬಳಕೆದಾರರು ಆ ಬಟನ್ ಒತ್ತಿದಾಗ ಬರಬಹುದು. ಇಂಥದ್ದು ಬಿಲ್ಡ್‌ನಲ್ಲೇ ಸಿಕ್ಕಿಬಿದ್ದರೆ ಎಷ್ಟು ಒಳ್ಳೇದು ಅಲ್ವಾ?

ಜಾವಾ ಸರ್ವರ್ ಅಪ್ಲಿಕೇಶನ್ನುಗಳ ಮಾನದಂಡವಾದ ಜಕಾರ್ತಾ ಇಇ 9ರಲ್ಲಿ, ಅಂದರೆ 2020ರಲ್ಲಿ, ಜಾವಾಎಕ್ಸ್ ಪ್ಯಾಕೇಜ್‌ಗಳು ಜಕಾರ್ತಾ ಹೆಸರಿಗೆ ಬದಲಾದವಲ್ಲ, ಆ ದಾಟುವಿಕೆಗೂ ಇದು ಕೆಲಸಕ್ಕೆ ಬರುತ್ತದೆ. ನಿಮ್ಮ ಪಬ್ಲಿಕ್ ಮೆಥಡ್ ಸರ್ವ್ಲೆಟ್ ರಿಕ್ವೆಸ್ಟನ್ನು ಆರ್ಗ್ಯುಮೆಂಟಾಗಿ ತಗೊಂಡರೆ, ಬರೀ ಇಂಪೋರ್ಟ್ ಬದಲಿಸಿದರೂ ಸಿಗ್ನೇಚರ್, ಅಂದರೆ ಮೇಲೆ ಹೇಳಿದ ಮೆಥಡ್ ಗುರುತು, ಬದಲಾಗುತ್ತದೆ. ಅಂಥ ಮೆಥಡ್‌ಗಳೆಲ್ಲ ರಿಪೋರ್ಟ್‌ನಲ್ಲಿ ಕಾಣುತ್ತವೆ.

ಬಿಲ್ಡ್ ಟೂಲ್ ಆದ ಮೇವನ್ನಿಗೆ ಇದರ ಪ್ಲಗಿನ್ ಹಾಕುವುದು ಸುಲಭ. ಹಳೇ ಆವೃತ್ತಿ ಯಾವುದು ಅಂತ ಹೇಳದಿದ್ದರೆ ಕೊನೆಯ ರಿಲೀಸ್ ಜೊತೆ ತಾನೇ ಹೋಲಿಸುತ್ತದೆ. ಇನ್ನೊಂದು ಬಿಲ್ಡ್ ಟೂಲ್ ಆದ ಗ್ರೇಡಲ್‌ಗೂ ಪ್ಲಗಿನ್ ಇದೆ. ಆದರೆ ಗಮನಿಸಿ, ತಾನಾಗಿಯೇ ಬಿಲ್ಡ್ ನಿಲ್ಲಿಸುವುದಿಲ್ಲ, ಆ ಸೆಟ್ಟಿಂಗನ್ನು ನೀವೇ ಆನ್ ಮಾಡಬೇಕು. ಸೆಮ್ಯಾಂಟಿಕ್ ವರ್ಶನಿಂಗ್ (ಆವೃತ್ತಿ ಸಂಖ್ಯೆ ಕೊಡುವ ಒಂದು ನಿಯಮ) ಪ್ರಕಾರ ನಿಲ್ಲಿಸುವ ಆಯ್ಕೆ ನನಗೆ ಸರಿ ಅನಿಸಿತು: ಮೇಜರ್ ನಂಬರ್, ಅಂದರೆ ಆವೃತ್ತಿಯ ಮೊದಲ ಸಂಖ್ಯೆ, ಏರಿಸಿದ್ದರೆ ಮುರಿಯಬಹುದು, ಇಲ್ಲದಿದ್ದರೆ ಇಲ್ಲ.

ಕೊರತೆಗಳೂ ಇವೆ. ಒಳಬಳಕೆಯ ಪ್ಯಾಕೇಜ್‌ಗಳನ್ನು ಹೊರಗಿಡದಿದ್ದರೆ ರಿಪೋರ್ಟ್ ತುಂಬಾ ಉದ್ದವಾಗಿ ಯಾರೂ ಓದುವುದಿಲ್ಲ. ಬೇಕಾದ ಕ್ಲಾಸ್ ಸಿಗದಿದ್ದರೆ ಎರರ್ ಕೊಟ್ಟು ನಿಲ್ಲುತ್ತದೆ. ಅದನ್ನು ಕಡೆಗಣಿಸುವ ಆಯ್ಕೆ ಇದೆ, ಆದರೂ ಬಳಸಬೇಡಿ, ಕ್ಲಾಸ್‌ಪಾತ್ (ಕ್ಲಾಸುಗಳನ್ನು ಹುಡುಕುವ ಜಾಗಗಳ ಪಟ್ಟಿ) ಸರಿಮಾಡಿ. ಇನ್ನು, ಖಾಲಿ ಲಿಸ್ಟ್ ಕೊಡುತ್ತಿದ್ದ ಮೆಥಡ್ ನಲ್ (ಏನೂ ಇಲ್ಲ ಅನ್ನುವ ಮೌಲ್ಯ) ಕೊಡಲು ಶುರುಮಾಡಿದರೆ ಇದಕ್ಕೆ ಗೊತ್ತೇ ಆಗುವುದಿಲ್ಲ, ಅದಕ್ಕೆ ಟೆಸ್ಟ್‌ಗಳೇ ಬೇಕು.

ಹಳೇ ಪ್ರಾಜೆಕ್ಟ್ ಆದರೆ ಮೊದಲು ಬರೀ ರಿಪೋರ್ಟ್ ತೆಗೆಯಿರಿ. ಎಲ್ಲರೂ ಬಳಸುವ ಒಂದು ಮಾಡ್ಯೂಲ್‌ನಲ್ಲಿ ಬಿಲ್ಡ್ ನಿಲ್ಲಿಸುವುದನ್ನು ಶುರುಮಾಡಿ, ಆಮೇಲೆ ಉಳಿದವಕ್ಕೆ ಹಾಕಿ.