ಬೆಟ್ಟದಲ್ಲಿ ಡಬ್ಬಿ ಹುಡುಕೋಕೆ ಫೋನೋ, ಸೆಲ್ ಹಾಕೋ ಜಿಪಿಎಸ್ಸೋ?

ನನ್ನ ಓಟು ಜಿಪಿಎಸ್‌ಗೆ, ಅಂದರೆ ನಿಂತ ಜಾಗ ತೋರಿಸುವ ಕೈಯಂತ್ರಕ್ಕೆ. ಅಂಗೈಯಗಲದ್ದು, ಎರಡು ಪೆನ್ಸಿಲ್ ಸೆಲ್ ನುಂಗುತ್ತೆ, ಟಚ್ ಸ್ಕ್ರೀನ್ ಇಲ್ಲ, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಮನೆಗೆ ತಂದ ದಿನ "ಫೋನಲ್ಲೇ ಮ್ಯಾಪ್ ಇದೆಯಲ್ರೀ, ಇದ್ಯಾಕೆ ಮತ್ತೆ?" ಅಂತ ಹೆಂಡತಿ ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಹಾಗಾಗಿ ಎರಡನ್ನೂ ಜೊತೆಗಿಟ್ಟುಕೊಂಡು ಬೆಟ್ಟ ಸುತ್ತಿ ನೋಡಿದ್ದೇನೆ.

ಜಿಯೋಕ್ಯಾಶಿಂಗ್, ಅಂದರೆ ಈ ಡಬ್ಬಿ ಹುಡುಕುವ ಆಟ, ಗೊತ್ತಿಲ್ಲದವರಿಗೆ ಎರಡು ಮಾತು. ಉಪಗ್ರಹದಿಂದ ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಅಮೆರಿಕ ಬೇಕಂತಲೇ ಮಬ್ಬು ಮಾಡಿ ಬಿಡುತ್ತಿತ್ತು. 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿತು. ಒಂದೆರಡು ದಿನದಲ್ಲೇ ಆರೆಗಾನ್‌ನಲ್ಲಿ ಒಬ್ಬರು ಒಂದು ಬಕೆಟ್ಟನ್ನು ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶವನ್ನು ಇಂಟರ್ನೆಟ್ಟಿಗೆ ಹಾಕಿದರು, ಆಟ ಶುರುವಾಯಿತು. ಡಬ್ಬಿ ಹುಡುಕು, ಒಳಗಿನ ಪುಸ್ತಕದಲ್ಲಿ ಹೆಸರು ಬರೆ, ಇದ್ದಂತೆಯೇ ಮುಚ್ಚಿಡು. ನಮ್ಮ ತುಮಕೂರಿನ ಗೆಳೆಯರದು ಇದರದೇ ನಾಟಿ ರೂಪ: ನಾವೇ ಇಡುತ್ತೇವೆ, ನಾವೇ ಹುಡುಕುತ್ತೇವೆ. ಮೀಸಲು ಅರಣ್ಯದೊಳಗೆ ಇಡುವುದಿಲ್ಲ. ಬೆಟ್ಟದ ಬುಡದಲ್ಲಿ ಪರಿಚಯದವರ ಹೊಲದ ಬದು, ಹುಣಸೆ ತೋಪು, ಅದೂ ಕೇಳಿಕೊಂಡೇ.

ಬಿಸಿಲಿನ ವಿಷಯದಲ್ಲಿ ಫೋನು ಹತ್ತಿರಕ್ಕೂ ಬರುವುದಿಲ್ಲ. ಏಪ್ರಿಲ್‌ನಲ್ಲಿ ಮಧುಗಿರಿ ಬಂಡೆ ಮೇಲೆ ನಿಂತು ಫೋನ್ ತೆಗೆದರೆ ಪರದೆಯಲ್ಲಿ ಕಾಣುವುದು ನಮ್ಮದೇ ಬೆವರಿದ ಮುಖ. ಇನ್ನೊಂದು ಗಳಿಗೆ ಬಿಟ್ಟರೆ ಕಾದು, ತಣ್ಣಗಾಗಲು ಬಿಡಿ ಅಂತ ಸಂದೇಶ ತೋರಿಸಿ ಸುಮ್ಮನಾಗುತ್ತದೆ. ಜಿಪಿಎಸ್ ಪರದೆ ಬಿಸಿಲು ಬಿದ್ದಷ್ಟೂ ಸ್ಪಷ್ಟ. ಕೊರಳಿಗೆ ದಾರ ಹಾಕಿ ನೇತುಬಿಟ್ಟುಕೊಂಡರೆ ಬಂಡೆ ಹತ್ತಲು ಎರಡೂ ಕೈ ಖಾಲಿ.

ಚಾರ್ಜು: ಎರಡು ಸೆಲ್ಲಿಗೆ 25 ಗಂಟೆ ಅನ್ನುತ್ತಾರೆ, ನನಗೆ ದಿನಪೂರ್ತಿ ನಡೆದರೂ ಸಾಕಾಗಿದೆ. ಪೆಟ್ಟಿಗೆ ಅಂಗಡಿಯ ಅಗ್ಗದ ಸೆಲ್ ಬೇಡ, ಆಲ್ಕಲೈನ್ ಅಥವಾ ರೀಚಾರ್ಜ್ ಆಗುವಂಥದ್ದು ಹಾಕಿ. ಫೋನೇ ಒಯ್ಯುವವರು ಏರೋಪ್ಲೇನ್ ಮೋಡ್‌ಗೆ ಹಾಕಿಕೊಳ್ಳಿ. ಇಲ್ಲದ ಟವರ್ ಹುಡುಕಿ ಹುಡುಕಿಯೇ ಅದರ ಅರ್ಧ ಚಾರ್ಜು ಹೋಗುವುದು. ಫೋನಿನೊಳಗಿನ ಜಿಪಿಎಸ್‌ಗೂ ಟವರ್ ಬೇಕಿಲ್ಲ. ಮ್ಯಾಪ್ ಮಾತ್ರ ಮನೆಯಲ್ಲೇ ಇಳಿಸಿಕೊಂಡಿರಬೇಕು.

ಇಷ್ಟೆಲ್ಲ ಹೊಗಳಿದ ಸಾಧನದ ಒಂದು ಕಾಟ ಇದೆ, ತಲೆ ಚಚ್ಚಿಕೊಳ್ಳುವಂಥದ್ದು: ಅಂಕಿ ತುಂಬಿಸುವುದು.

ಜಿಯೋಕ್ಯಾಶಿಂಗ್‌ನವರು ಜಾಗವನ್ನು ಡಿಗ್ರಿ ಮತ್ತು ದಶಮಾಂಶ ನಿಮಿಷದಲ್ಲಿ (ಒಂದು ಡಿಗ್ರಿಗೆ 60 ನಿಮಿಷ) ಬರೆಯುತ್ತಾರೆ, 13° 22.500' ಅನ್ನುವ ಥರ. ನಮ್ಮ ಗುಂಪಿನ ಹುಡುಗರು ಫೋನ್ ಮ್ಯಾಪಿನಿಂದ ಎತ್ತಿ ವಾಟ್ಸಾಪ್‌ನಲ್ಲಿ ಕಳಿಸುವುದು 13.375 ಅಂತ. ಎರಡೂ ಒಂದೇ ಅಕ್ಷಾಂಶ, ದೇವರಾಯನದುರ್ಗದ ಆಸುಪಾಸಿನದು. ಚುಕ್ಕಿಯ ನಂತರದ್ದನ್ನು 60ರಿಂದ ಗುಣಿಸಿದರೆ ನಿಮಿಷ ಸಿಗುತ್ತದೆ: .375 ಗುಣಿಸು 60, ಇಪ್ಪತ್ತೆರಡೂವರೆ. ಗುಣಿಸದೆ 13° 37.5' ಅಂತ ಒತ್ತಿದಿರೋ, 15 ನಿಮಿಷ ಉತ್ತರಕ್ಕೆ ಜಿಗಿದಿರಿ. ಒಂದು ನಿಮಿಷಕ್ಕೆ ಸುಮಾರು 1.85 ಕಿ.ಮೀ., ಅಂದರೆ ಹತ್ತಿರ ಹತ್ತಿರ 28 ಕಿ.ಮೀ. ನರಸಿಂಹಸ್ವಾಮಿ ಬೆಟ್ಟದ ಬುಡದಲ್ಲಿರಬೇಕಾದ ಡಬ್ಬಿ ಕೊರಟಗೆರೆಯನ್ನೂ ದಾಟಿ ಕೂತಿರುತ್ತದೆ. ಒಮ್ಮೆ ನಾಮದ ಚಿಲುಮೆ ಹತ್ತಿರ ನಿಂತು ನಮ್ಮ ಹುಡುಗನೊಬ್ಬ "ಅಣ್ಣ, ಇದು ಬಸ್ಸಲ್ಲೇ ಹೋಗ್ಬೇಕಲ್ಲಣ್ಣ" ಅಂದಿದ್ದ.

ಸೆಟ್ಟಿಂಗ್ಸ್‌ಗೆ ಹೋಗಿ ಬರೀ ದಶಮಾಂಶ ಡಿಗ್ರಿಗೆ ಬದಲಾಯಿಸಬಹುದು. ಆದರೆ ಮುಂದಿನ ಡಬ್ಬಿ ಜಿಯೋಕ್ಯಾಶಿಂಗ್ ಸೈಟಿನದಾದರೆ ಮತ್ತೆ ವಾಪಸ್ ಬದಲಾಯಿಸಬೇಕು. ಇನ್ನು ಒತ್ತುವ ಕೆಲಸ: ಕಡಲೆಕಾಳಿನಷ್ಟು ಜಾಯ್‌ಸ್ಟಿಕ್ಕನ್ನು ಹೆಬ್ಬೆರಳಲ್ಲಿ ಎಡ, ಬಲ, ಮೇಲೆ, ಕೆಳಗೆ ತಳ್ಳಿ ಒಂದೊಂದೇ ಅಂಕಿ ಆರಿಸಬೇಕು. ಏಳಕ್ಕೆ ಒತ್ತಿದರೆ ಎಂಟು ಬೀಳುತ್ತದೆ, ಅಳಿಸಿ ಮತ್ತೆ ಶುರು. ಫೋನಿನಲ್ಲಿ ಬಂದ ಕೊಂಡಿ ಮೇಲೆ ಬೆರಳಿಟ್ಟರೆ ಮುಗಿಯಿತು, ಇಲ್ಲಿ ಮಾತ್ರ ಫೋನು ಕಣ್ಣುಮುಚ್ಚಿ ಗೆಲ್ಲುತ್ತದೆ. ಹಿಂದಿನ ರಾತ್ರಿ ಕಂಪ್ಯೂಟರಿಗೆ ಕೇಬಲ್ ಚುಚ್ಚಿ ತುಂಬಿಸಿಕೊಳ್ಳುವುದೊಂದೇ ನನಗೆ ಒಗ್ಗಿದ ದಾರಿ.

ನಿಖರತೆ: ಬಯಲಲ್ಲಿ ಎರಡೂ ಒಂದೇ, ನಾಲ್ಕೈದು ಮೀಟರ್ ಆಚೀಚೆ. ಸಿದ್ಧರಬೆಟ್ಟದಂಥ ಕಡೆ, ಗುಂಡುಗಳ ಸಂದಿಯಲ್ಲಿ, ಎರಡೂ ಸುಳ್ಳು ಹೇಳುತ್ತವೆ. ನನ್ನದರ ಬಾಣ ನಡೆಯುವಾಗ ಮಾತ್ರ ಸರಿ, ನಿಂತರೆ ಎತ್ತಲೋ ತಿರುಗುತ್ತದೆ. ಫೋನಿನ ಕವರಿನಲ್ಲಿ ಆಯಸ್ಕಾಂತ ಇದ್ದರೆ ಅದರ ಮುಳ್ಳಿಗೂ ಹುಚ್ಚು ಹಿಡಿಯುತ್ತದೆ. ಹತ್ತು ಮೀಟರ್ ಒಳಗೆ ಬಂದ ಮೇಲೆ ಎರಡನ್ನೂ ಜೇಬಿಗೆ ಹಾಕಿ ಕಣ್ಣು ಬಿಡಿ. ಸಂದಿಗೆ ಕೈ ಹಾಕುವ ಮುಂಚೆ ಕೋಲು ಆಡಿಸಿ.

ಯಾರೂ ಎಚ್ಚರಿಸದ ಸಂಗತಿ ಇನ್ನೊಂದು. ನಮ್ಮ ಕಡೆ ಹಳೇ ಗುಡಿ, ಬಂಡೆ ಸುತ್ತ ಯಂತ್ರ ಹಿಡಿದು ತಿರುಗಿದರೆ ಜನಕ್ಕೆ ಮೊದಲು ಬರುವ ಅನುಮಾನ ನಿಧಿಗಳ್ಳರದು. ಫೋನ್ ಹಿಡಿದವನನ್ನು ಯಾರೂ ಕೇಳಲ್ಲ. ನನ್ನ ಹಳದಿ ಜಿಪಿಎಸ್ ನೋಡಿದ ಕುರಿ ಕಾಯುವ ಅಜ್ಜ ಕೋಲು ಊರಿ ನಿಂತು, "ಏನ್ ಸ್ವಾಮಿ, ಕೊಪ್ಪರಿಗೆ ತೋರಿಸ್ತದಾ ಅದು?" ಅಂದ. ನಗುತ್ತಲೇ ಕೇಳಿದ, ಆದರೆ ನಾವು ತೋಪು ಬಿಡುವ ತನಕ ಕದಲಲಿಲ್ಲ. ಈಗ ಊರೊಳಗೆ ಮೊದಲು ಟೀ ಕುಡಿದು, ಬಂದ ಕೆಲಸ ಹೇಳಿ, ಡಬ್ಬಿಯೊಳಗಿನ ಪುಸ್ತಕದ ಫೋಟೋ ತೋರಿಸಿಯೇ ಮುಂದೆ ಹೋಗುತ್ತೇನೆ.

ವರ್ಷಕ್ಕೆ ಒಂದೆರಡು ಸಲ ನಂದಿಬೆಟ್ಟಕ್ಕೆ ಹೋಗಿ ಬರುವವರು ದುಡ್ಡು ಸುರಿಯಬೇಡಿ. ಆಂಡ್ರಾಯ್ಡ್ ಇದ್ದರೆ ಸಿ:ಜಿಯೋ ಅನ್ನುವ ಪುಕ್ಕಟೆ ಆಪ್, ಒಂದು ಪವರ್ ಬ್ಯಾಂಕ್, ಸಾಕು. ನಾನು ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಹೊತ್ತು ಮುಳುಗಿಸಿಕೊಂಡೇ ಬರುವವನು, ಮನೆಗೆ ಫೋನ್ ಮಾಡುವಷ್ಟು ಚಾರ್ಜು ಕೊನೆವರೆಗೂ ಉಳಿದಿರಬೇಕು. ಹಾಗಾಗಿ ನನಗೆ ಜಿಪಿಎಸ್ಸೇ. ಹೊಸದರ ಬೆಲೆ ನನ್ನ ಕೈಗೆಟುಕುವಂಥದ್ದಲ್ಲ. ಹಳೇದು ಕೊಳ್ಳುವುದಾದರೆ ಸೆಲ್ ಕೂರುವ ಜಾಗ ಬಿಚ್ಚಿ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದಿದೆಯಾ ನೋಡಿ, ಜಾಯ್‌ಸ್ಟಿಕ್ ನಾಲ್ಕೂ ಕಡೆ ಒತ್ತಿ ನೋಡಿ, ಆಮೇಲೆ ಚೌಕಾಸಿಗೆ ಇಳಿಯಿರಿ.